ಬಾಣಂತಿ ಕೋಣೆಯ ಪಕ್ಕದಲ್ಲೊಂದು ಬೇಸ್ ಪೆಟ್ಟಿಗೆ

ಆಂಪ್ಲಿಫೈಯರ್ ತರುವ ಮೊದಲು ನಾನು ಬೇಸ್ ಗಿಟಾರಿನ ತಲೆಯನ್ನು ಕಬ್ಬಿಣದ ಅಲಮಾರಿಗೆ ಒತ್ತಿ ಹಿಡಿದು ಬಾರಿಸುತ್ತಿದ್ದೆ. ಒಳಗಿನ ಸೀರೆಗಳ ನಡುವಿನಿಂದ ಒಂದು ಮಂದ ಸ್ವರ ಬರುತ್ತಿತ್ತು. ಆ ಸ್ವರ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆ ದಿನಗಳ ಡೈರಿಯಲ್ಲಿ ಬರೆದಿರುವುದು ಇಷ್ಟೇ: "ಏನೂ ಕೇಳಿಸುತ್ತಿಲ್ಲ. ಬೆರಳು ಸರಿಯೋ ತಪ್ಪೋ ಗೊತ್ತಿಲ್ಲ." ಇಂಥ ಕಡೆ ನಾನು ಡೈರಿಯನ್ನೇ ನಂಬುತ್ತೇನೆ.

ಅಫಜಲಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹಳೆಯ ಓಣಿಯ ಕಲ್ಲಿನ ಮನೆಯ ಮುಂದಿನ ಖೋಲಿ ನನ್ನ ಬಾಡಿಗೆಯದು. ಹಿಂದಿನ ಭಾಗದಲ್ಲಿ ಮನೆಯೊಡತಿ ಇರುತ್ತಾರೆ. ನಮ್ಮ ಬುದ್ಧವಿಹಾರದ ಹಾಡಿನ ತಂಡದಲ್ಲಿ ಬೇಸ್ ಬಾರಿಸುತ್ತಿದ್ದವನು ಸೊಲ್ಲಾಪುರದಲ್ಲಿ ಕೆಲಸ ಸಿಕ್ಕಿತೆಂದು ಹೋದಾಗ ಅವನ ಹಳೆಯ ಗಿಟಾರನ್ನು ನಾನು ಕೊಂಡೆ. ಚಿಕ್ಕಂದಿನಿಂದಲೂ ನಾನು ಕಂಡ ವಿಹಾರಗಳಲ್ಲಿ ಹೆಂಗಸರು ಹಾಡುತ್ತಿದ್ದರು, ಚಹಾ ಹಂಚುತ್ತಿದ್ದರು. ವಾದ್ಯ ಮುಟ್ಟಿದ್ದನ್ನು ಕಂಡಿಲ್ಲ. ಖಾಲಿಯಾದ ಆ ಜಾಗ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ತಂಡದ ಹಿರಿಯರು ಡೋಲಕಿ ಬಾರಿಸುತ್ತಾರೆ, ವೃತ್ತಿಯಿಂದ ದರ್ಜಿ. ಬೇಸ್ ನಾನು ಬಾರಿಸುತ್ತೇನೆ ಎಂದಾಗ ಅಳತೆ ತೆಗೆಯುವವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವಿಹಾರದಾಗ ಎಲ್ಲಾರೂ ಬಾರಸ್ತಾರ್ರಿ ಮೇಡಮ್ನೋರ. ಮನ್ಯಾಗ ದಿನಾ ಕುಂತು ಬಾರಸೋರು ಬೇಕು ನನಗ. ಐತ್ವಾರ ನಾಕಕ್ಕ ನಿಮ್ಮ ಮನಿಗೇ ಬರ್ತೇನಿ. ಒಂದು ಹಾಡು ಪೂರಾ ಕೇಳಸ್ರಿ."

"ಆಗ್ಲಿಲ್ಲಂದ್ರ?"

"ಜೇವರ್ಗಿಯಾಂವ ಒಬ್ಬ ತಯಾರ ಇದ್ದಾನ್ರಿ."

ಶುಕ್ರವಾರ ಕಾಲೇಜಿನಿಂದ ನೇರ ಕಲಬುರಗಿಯ ಬಸ್ಸು ಹಿಡಿದೆ. ವಾದ್ಯಗಳ ಅಂಗಡಿಯಲ್ಲಿ ನನ್ನ ಕೈಗೆಟುಕುವಂಥ ಆಂಪ್ಲಿಫೈಯರ್ ಪೆಟ್ಟಿಗೆಗಳು ಮೂರೇ ಇದ್ದವು. ಎಲ್ಲಕ್ಕಿಂತ ಅಗ್ಗದ್ದು ಸಾದಾ ಗಿಟಾರಿನ ಪೆಟ್ಟಿಗೆ. ಅಂಗಡಿಯವರೇ ಅದನ್ನು ಪಕ್ಕಕ್ಕೆ ಸರಿಸಿದರು. "ಇದರಾಗ ಬೇಸ್ ಬಾರಿಸಿದ್ರ ಸ್ಪೀಕರಿನ ಕಾಗದ ಹರೀತದ್ರಿ. ಆಮ್ಯಾಲ ನನಗ ಬೈತೀರಿ." ಎರಡನೆಯದು ಅಂಗೈಯಗಲದ್ದು, ಇಯರ್‌ಫೋನ್ ಹಾಕಿಕೊಂಡು ಕೇಳಲು ಹೇಳಿಮಾಡಿಸಿದ್ದು, ಅದರ ಸ್ಪೀಕರಿನಲ್ಲಿ ದಪ್ಪ ತಂತಿಯ ಸ್ವರ ಸತ್ತೇಹೋಗುತ್ತಿತ್ತು. ನನ್ನ ಕಿವಿಗಷ್ಟೇ ಕೇಳಿದರೆ ಡೋಲಕಿಯವರಿಗೆ ಏನು ಕೇಳಿಸಲಿ? ಮೂರನೆಯದು ಇಪ್ಪತ್ತೈದು ವ್ಯಾಟಿನ, ಬೇಸಿಗೆಂದೇ ಮಾಡಿದ ಪೆಟ್ಟಿಗೆ. ಅದನ್ನೇ ತೆಗೆದುಕೊಂಡೆ. ಒಂದು ವಾರದೊಳಗೆ ಬೇಡವೆನಿಸಿದರೆ ವಾಪಸು ತರಬಹುದು ಎಂದರು. ಬಸ್ಸಿನಲ್ಲಿ ಊರು ಬರುವವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಮನೆಯೊಡತಿ ಬಾಗಿಲಲ್ಲೇ ಪೆಟ್ಟಿಗೆಯನ್ನು ನೋಡಿದರು. ಅವರ ಸೊಸೆ ಬಾಣಂತಿ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅವರಿಬ್ಬರ ಕೋಣೆಗೂ ನನ್ನ ಖೋಲಿಗೂ ನಡುವೆ ಒಂದೇ ಗೋಡೆ.

"ಎಷ್ಟ ಅವಾಜ ಮಾಡ್ತದ ಇದು?"

"ಸಣ್ಣಗ ಇಡ್ತೇನ್ರಿ."

"ನೋಡು ತಂಗಿ, ಕೂಸು ಎದ್ದಿತಂದ್ರ ನಾ ಗ್ವಾಡಿ ಬಡಿತೇನಿ. ಬಡದ್ನೆಂದ್ರ ಪೆಟಗಿ ಹೊರಗ. ಮತ್ತ ಬಾಯಿ ಮಾಡಬ್ಯಾಡ."

ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ಪ್ಲಗ್ಗಿನ ಪಕ್ಕದ ಮೂಲೆಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಒಂದೇ ಸಲ. ನೆಲ ಗುಂಯ್ ಎಂದಿತು. ಸ್ವರ ಪೆಟ್ಟಿಗೆಯಿಂದಲ್ಲ, ನನ್ನ ಪಾದದಿಂದ ಏರಿ ಬಂದ ಹಾಗಿತ್ತು. ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಚರಿಗೆ ನಡುಗಿ ಪಕ್ಕದ ಗಂಗಾಳಕ್ಕೆ ತಾಗಿತು. ಗೋಡೆಯಾಚೆ ಕೂಸು ಚೀರಿತು. ಗುಂಡಿ ತಿರುಗಿಸಿ ಸದ್ದನ್ನು ಅರ್ಧಕ್ಕಿಂತ ಕೆಳಗಿಳಿಸಿ ಇನ್ನೊಮ್ಮೆ ಮೀಟಿದೆ. ಯಾಕೆ ಮೀಟಿದೆನೋ. ಮತ್ತೆ ಅದೇ ಗುಂಯ್. ಗೋಡೆಯ ಮೇಲೆ ಎರಡು ಪೆಟ್ಟು ಬಿದ್ದವು.

ತಪ್ಪು ಪೆಟ್ಟಿಗೆ ಆರಿಸಿದೆನೆಂದುಕೊಂಡೆ. ಇಷ್ಟು ಸಣ್ಣ ಖೋಲಿಗೆ ಇಪ್ಪತ್ತೈದು ವ್ಯಾಟಿನದು ತಂದದ್ದು ಆಸೆಬುರುಕತನವಲ್ಲದೆ ಮತ್ತೇನು? ಐದು ಗಂಟೆಯ ಬಸ್ಸಿಗೆ ವಾಪಸು ಕೊಟ್ಟು ಬರೋಣವೆಂದು ಪೆಟ್ಟಿಗೆಯನ್ನೆತ್ತಿ ರಟ್ಟಿನ ಡಬ್ಬಿಯೊಳಗಿಟ್ಟೆ. ಜೇವರ್ಗಿಯವನಿಗೆ ಹೇಳಿಕಳಿಸಿ ಎಂದು ಡೋಲಕಿಯವರಿಗೆ ಹೇಳುವ ಮಾತನ್ನೂ ಬಾಯಲ್ಲಿ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಮನೆಯೊಡತಿ ಬಂದರು. ಬೈಯಲಿಲ್ಲ. ಖಾಲಿಯಾದ ಮೂಲೆಯನ್ನೇ ನೋಡುತ್ತ ನಿಂತರು.

"ಪೆಟಗಿ ಅಲ್ಲೇ ಇಟ್ಟಿದ್ದೇನು?"

"ಹೌದ್ರಿ."

ಅವರು ಹಿಮ್ಮಡಿಯಿಂದ ಆ ಚಪ್ಪಡಿಯನ್ನು ಗುದ್ದಿದರು. ಡಂ ಎಂದಿತು. ಒಂದು ಹೆಜ್ಜೆ ಸರಿದು ಪಕ್ಕದ ಚಪ್ಪಡಿಯನ್ನು ಗುದ್ದಿದರು. ಸದ್ದೇ ಇಲ್ಲ.

"ಇದರ ಕೆಳಗ ಹಗೇವ ಅದ ಬೇ. ನಮ್ಮ ಮಾವನ ಕಾಲದ್ದು. ಜ್ವಾಳ ತಗದು ಎಷ್ಟೋ ವರ್ಷ ಆತು. ಖಾಲಿ ಕೊಡದ ಬಾಯಿಗೆ ಬಾಯಿ ಹಚ್ಚಿ ಒದರಿದಂಗ ಆತು ನಿಂದು. ಪ್ರೊಫೆಸರ ಅಂತ, ಪ್ರೊಫೆಸರ."

ನಾನು ಹುಟ್ಟಿದ್ದು ಅತನೂರಿನಲ್ಲಿ. ನಮ್ಮ ಮನೆಯ ಅಂಗಳದಲ್ಲೂ ಜೋಳ ಹೂಳಿಡುವ ಇಂಥದೇ ನೆಲಗುಂಡಿ ಇತ್ತು. ಖಾಲಿಯಾದಾಗ ಮಕ್ಕಳೆಲ್ಲ ಅಂಚಿನಲ್ಲಿ ಬೋರಲು ಮಲಗಿ ಒಳಗೆ ಕೂಗುತ್ತಿದ್ದೆವು. ನಮ್ಮದೇ ದನಿ ದೊಡ್ಡವರ ದನಿಯಾಗಿ ಮೇಲೆ ಬರುತ್ತಿತ್ತು. ಅದೆಲ್ಲ ಗೊತ್ತಿದ್ದವಳು ಹಗೇವಿನ ಮುಚ್ಚಳದ ಮೇಲೆ ಬೇಸ್ ಪೆಟ್ಟಿಗೆ ಇಟ್ಟೆ. ಬಾಡಿಗೆಗೆ ಬಂದ ದಿನ "ಆ ಮೂಲ್ಯಾಗ ಭಾರ ಇಡಬ್ಯಾಡ" ಎಂದು ಅವರು ಹೇಳಿದ್ದರು ಎಂಬ ನೆನಪು ಕೂಡ ಇದೆ. ಕೇಳಿದರೆ, ಹೇಳಿಯೇ ಇಲ್ಲ ಎನ್ನುತ್ತಾರೆ. ಆ ದಿನದ ಡೈರಿ ಪುಟದಲ್ಲಿ ನೀರು ಬರುವ ವೇಳೆಯ ವಿಷಯ ಮಾತ್ರ ಇದೆ. ನೆನಪನ್ನು ನಾನೇ ಆಮೇಲೆ ಕಟ್ಟಿಕೊಂಡಿರಬಹುದು, ತಪ್ಪಿಗೆ ಒಬ್ಬ ಸಾಕ್ಷಿ ಇರಲಿ ಎಂದು.

"ಗ್ವಾಡಿ ಬಡದೀರಲ್ರಿ," ಎಂದೆ.

"ಅದು ಹಗೇವಿಗೆ ಬಡದದ್ದು. ನಾಳಿಗಿ ಬಡದ್ರ ಲೆಕ್ಕ ಬ್ಯಾರೆ." ಅಷ್ಟು ಹೇಳಿ ತಾವೇ ಹೊಲಿದ ಹಳೆಯ ಕೌದಿಯೊಂದನ್ನು ತಂದು ಎಸೆದರು.

ಭಾನುವಾರ ಪೆಟ್ಟಿಗೆ ಎದುರುಗೋಡೆಯ ಹತ್ತಿರ, ಸ್ಟೂಲಿನ ಮೇಲೆ, ನಾಲ್ಕು ಮಡಿಕೆಯ ಕೌದಿಯ ಮೇಲೆ ಕುಳಿತಿತ್ತು. ಡೋಲಕಿಯವರು ಡೋಲಕಿ ತಂದಿರಲಿಲ್ಲ. "ಕೂಸದ ಅಂತಲ್ರಿ, ತೊಡಿ ಮ್ಯಾಲ ಬಡಿತೇನಿ," ಎಂದು ಚಾಪೆಯ ಮೇಲೆ ಕುಳಿತರು. ಸಣ್ಣ ದನಿಯಲ್ಲಿ ಹಾಡೆತ್ತಿಕೊಂಡರು.

ನಾನು ಅವರ ತೊಡೆಯ ತಾಳವನ್ನು ಕೇಳಬೇಕಿತ್ತು, ಗೋಡೆಯನ್ನು ಕೇಳುತ್ತಿದ್ದೆ. ಮೊದಲ ಚರಣದಲ್ಲಿ ಎರಡು ಕಡೆ ತಾಳಕ್ಕಿಂತ ಮುಂದೋಡಿದೆ. ಎರಡನೆಯದರಲ್ಲಿ ಕೈಬೆವರಿಗೆ ತಂತಿ ಜಾರಿತು. ಚರಿಗೆ ಅಲುಗಲಿಲ್ಲ. ಮೂರನೆಯ ಚರಣದ ನಡುವೆ ಆಚೆ ಏನೋ ಸರಿದಾಡಿದ ಸದ್ದಾಯಿತು, ಬಳೆಯದೋ ತೊಟ್ಟಿಲ ಹಗ್ಗದ್ದೋ. ಈಗ ಬಿತ್ತು ಪೆಟ್ಟು ಎಂದುಕೊಂಡೆ. ಬೆರಳು ನಿಲ್ಲಿಸಲಿಲ್ಲ. ಹಾಡು ಮುಗಿಯಿತು.

ಡೋಲಕಿಯವರು ತೊಡೆ ಉಜ್ಜಿಕೊಂಡರು. "ಓಡಬ್ಯಾಡ್ರಿ. ಯಾರೂ ಬೆನ್ನ ಹತ್ತಿಲ್ಲ ನಿಮಗ. ಬುಧವಾರ ವಿಹಾರಕ್ಕ ಬರ್ರಿ."

ಅವರನ್ನು ಕಳಿಸಿ ಹಿಂದಿನ ಬಾಗಿಲಿಗೆ ಹೋದೆ. ಮನೆಯೊಡತಿ ತೊಟ್ಟಿಲ ಹಗ್ಗ ಹಿಡಿದು ಕುಳಿತಿದ್ದರು. ಕೂಸು ಕಣ್ಣು ಅಗಲಿಸಿಕೊಂಡು ಗೋಡೆಯತ್ತ ನೋಡುತ್ತಿತ್ತು.

"ಎದ್ದದ?" ಎಂದೆ.

"ಹಾಡು ಸುರು ಆದಾಗೇ ಎದ್ದದ."

"ಮತ್ತ ಬಡೀಲಿಲ್ಲಲ್ರಿ?"

"ಅಳಲಿಲ್ಲ ಅದು. ಸುಮ್ಮ ಸುಮ್ಮನ ಯಾಕ ಬಡೀಲಿ?" ಎಂದರು. ಹಗ್ಗವನ್ನು ನನ್ನ ಕೈಗೆ ಕೊಟ್ಟು, ಚಹಾಕ್ಕಿಡಲು ಎದ್ದರು.