ರೆಡ್‌ವುಡ್ ಎಂದು ಬರೆದ ಮರ

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ದಕ್ಷಿಣ ಕೊಡಗಿನ ಒಂದು ಅರಣ್ಯ ಕಚೇರಿಯಲ್ಲಿ, ರಸ್ತೆ ಅಗಲ ಮಾಡಲು ಕಡಿಯಬೇಕಾದ ಮರಗಳ ಪಟ್ಟಿ ಸಿದ್ಧಪಡಿಸುವುದು ನನ್ನ ಕೆಲಸ. ಪ್ರತಿ ಮರಕ್ಕೂ ಊರಿನ ಹೆಸರು, ಪಕ್ಕದಲ್ಲಿ ಲ್ಯಾಟಿನ್ ಹೆಸರು ಬರೆಯಬೇಕು. ನಮ್ಮ ಕಾಡಿನ ಮರವಾದರೆ ಮೇಲಿನವರು ಬಂದು ನೋಡಿದ ಮೇಲೆಯೇ ಅನುಮತಿ. ಸಿಲ್ವರ್ ಓಕ್‌ನಂಥ ಹೊರದೇಶದ ಮರಕ್ಕೆ ಆ ತಪಾಸಣೆ ಇರಲಿಲ್ಲ.

ಬಾಳೆಲೆ ಊರಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕಳಿಸಿದ ಚೀಟಿಯಲ್ಲಿ ‘ರೆಡ್‌ವುಡ್, ಒಂದು’ ಎಂದಿತ್ತು. ವಿರಾಜಪೇಟೆಯ ಮರದ ವ್ಯಾಪಾರಿಗಳು ಕೆಂಪಗಿರುವ ಯಾವ ಮರಕ್ಕೂ ಹಾಗೆನ್ನುತ್ತಾರೆ. ಅದು ನನಗೆ ಗೊತ್ತಿತ್ತು. ಆದರೂ ಕುಳಿತಲ್ಲೇ ನಿಘಂಟು ತೆಗೆದೆ. ಅಮೆರಿಕದ ಎತ್ತರದ ಮರ. ಲ್ಯಾಟಿನ್‌ನಲ್ಲಿ ಸಿಕ್ವೋಯಾ ಸೆಂಪರ್‌ವೈರೆನ್ಸ್. ಸೆಂಪರ್ ಎಂದರೆ ಸದಾ, ವೈರೆನ್ಸ್ ಎಂದರೆ ಹಸಿರಾಗಿರುವುದು. ಎಸ್ಟೇಟಿನ ಹಳೆಯ ಬಿಳಿ ದೊರೆ ಯಾರೋ ತಂದು ನೆಟ್ಟಿರಬೇಕು ಎಂದುಕೊಂಡು ಹಾಗೆಯೇ ಬರೆದೆ.

ಗಾರ್ಡ್ ಕುಶಾಲಪ್ಪನ ರೀತಿ ಬೇರೆ. ತೊಗಟೆಗೆ ಕತ್ತಿ ತಾಗಿಸಿ, ಒಸರುವ ರಸ ನೋಡಿ, ಮೂಸಿ, ಆಮೇಲೆ ಹೆಸರು ಹೇಳುತ್ತಿದ್ದ.

“ಒಂದ್ಸಲ ಹೋಗಿ ನೋಡುವ ಸಾರ್. ಬೈಕುಂಟು.”

“ಪುಸ್ತಕದಲ್ಲೇ ಇದೆಯಲ್ಲ ಮಾರಾಯ.”

“ನಿಮ್ಮ ಪುಸ್ತಕಕ್ಕೆ ಕತ್ತಿ ಹಾಕಿದ್ರೆ ರಸ ಬರ್ತದಾ?” ಎಂದು ನಕ್ಕ. ಆದರೂ ನನ್ನನ್ನು ನಂಬಿ ಪಟ್ಟಿಗೆ ರುಜು ಹಾಕಿದ. ಆ ವರ್ಷ ಬಡ್ತಿ ಪಟ್ಟಿಯಲ್ಲಿ ಅವನ ಹೆಸರೇ ಮೊದಲಿತ್ತು.

ಮರ ಉರುಳಿದ ಮರುದಿನ ಇಬ್ಬರೂ ಹೋದೆವು. ಅದು ಹೊನ್ನೆ, ಟೆರೊಕಾರ್ಪಸ್ ಮಾರ್ಸೂಪಿಯಮ್, ನಮ್ಮದೇ ಕಾಡಿನದು. ಬುಡದ ಸುತ್ತ ರಕ್ತದಂಥ ರಸ ಹೆಪ್ಪುಗಟ್ಟಿತ್ತು. ಕುಶಾಲಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನ ಕಡೆ ನೋಡಲಿಲ್ಲ.

ವಿಚಾರಣೆಯಲ್ಲಿ ಸಾಹೇಬರು ಕೇಳಿದರು, “ಮರ ಗುರುತಿಸಿದ್ದು ಯಾರು?”

ನಾನು ಫೈಲಿನ ದಾರ ಬಿಚ್ಚುತ್ತಾ ಕುಳಿತೆ. ಕುಶಾಲಪ್ಪ ನನ್ನ ಕಡೆ ತಿರುಗಿ ನೋಡಿದ. ಆಮೇಲೆ “ನಾನೇ ಸಾರ್” ಎಂದ. ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: “ನಿಮ್ಮ ಪೆನ್ಷನ್ ಹತ್ರ ಉಂಟಲ್ಲ.” ಬಡ್ತಿ ತಪ್ಪಿತು. ಗಾರ್ಡ್ ಆಗಿಯೇ ಅವನು ನಿವೃತ್ತನಾದ.

ಹೋದ ತಿಂಗಳು ಕುಶಾಲಪ್ಪ ತೀರಿಕೊಂಡ. ನಾನೀಗ ಇರುವ ಮಡಿಕೇರಿಯಿಂದ ಬಸ್ಸು ಹಿಡಿದು ಭಾಗಮಂಡಲದ ಹತ್ತಿರವಿರುವ ಅವನ ಮನೆಗೆ ಹೋಗಿ, ಹೆಂಡತಿ ಸೀತಮ್ಮನಿಗೆ ಎಲ್ಲವನ್ನೂ ಹೇಳಿದೆ.

“ಗೊತ್ತುಂಟು” ಎಂದರು ಸೀತಮ್ಮ. “ಅವತ್ತೇ ಹೇಳಿದ್ರು. ನೀವು ಒಂದು ದಿನ ಬಂದು ಮಾತಾಡ್ತೀರಿ ಅಂತ ಇದ್ರು. ಮಡಿಕೇರಿ ಬಸ್ಸು ನಿಂತಾಗೆಲ್ಲ ಎದ್ದು ನೋಡೋರು.”

ನೋಡದೆ ಹೆಸರು ಬರೆಯಬಾರದು ಎಂದು ಆ ಕೆಲಸ ನನಗೆ ಕಲಿಸಿತು. ಬರೆದದ್ದು ತಪ್ಪಾದರೆ, ಕೇಳಿದಾಗಲೇ ಒಪ್ಪಿಕೊಳ್ಳಬೇಕು ಎಂದೂ ಕಲಿಸಿತು. ಎರಡನೆಯದನ್ನು ನಾನು ಕಲಿಯುವಷ್ಟರಲ್ಲಿ ಕುಶಾಲಪ್ಪ ಇರಲಿಲ್ಲ.