ಹಿತ್ತಾಳೆ ತಂತಿಯ ಬೇಸ್ ಗಿಟಾರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಸುಳ್ಳೇನಲ್ಲ. ಈಗ ವಯಸ್ಸಾಗಿದೆ, ಮೂಗಿನಿಂದ ಒಂದಿಷ್ಟು ಮೇಲಕ್ಕೆ ಸರಿದಿದೆ, ಅಷ್ಟೆ. ಆ ಸಿಟ್ಟಿನಲ್ಲಿ ಬಾಯಿ ಹರಿಬಿಟ್ಟು ಮಾಡಿಕೊಂಡ ಅವಾಂತರಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದರಿಂದ ನನ್ನನ್ನು ಪಾರು ಮಾಡಿದ ಗಂಡ ಹೆಂಡತಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಈ ಬರಹ ಅವರಿಗಾಗಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಂಗಾವತಿಯ ಹೊರಗೆ, ಮರಳಿ ಎಂಬ ಊರಿನ ದಾರಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ತೂಗಿಸುವ ಕೆಲಸ ನನ್ನದು. ಮದುವೆ ಸೀಸನ್ನು ಬಂತೆಂದರೆ ಒಂದು ಆರ್ಕೆಸ್ಟ್ರಾ ಪಾರ್ಟಿಯ ಜೊತೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದು ತಿರುಗುತ್ತಿದ್ದೆ. ನನ್ನ ಕೈಗೆ ಅವರು ಕೊಟ್ಟಿದ್ದು ಗಿಲಕಿ, ತಾಳಕ್ಕೆ ಅಲ್ಲಾಡಿಸುವ ಕಾಳು ತುಂಬಿದ ಬುರುಡೆ. ನಾಲ್ಕು ವರ್ಷ ಗಿಲಕಿ ಅಲ್ಲಾಡಿಸಿದೆ. ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನನ್ನನ್ನೇ ಅಣಕಿಸುತ್ತಿದ್ದವು. ನನಗೆ ಬೇಕಾಗಿದ್ದುದು ಬೇರೆ. ಚಹಾದ ಹೋಟೆಲಿನಲ್ಲಿ ರೆಕಾರ್ಡು ಹಾಕಿದಾಗ ಎಲ್ಲರೂ ಹಾಡು ಕೇಳಿದರೆ, ನಾನು ಹಾಡಿನ ಅಡಿಯಲ್ಲಿ ಗುಂ ಗುಂ ಎಂದು ನಡೆಯುವ ದಪ್ಪ ದನಿ ಕೇಳುತ್ತಿದ್ದೆ. ಅದು ಬೇಸ್ ಗಿಟಾರಿನದು ಎಂದು ತಿಳಿದ ಮೇಲೆ ಬೇರೆ ಯೋಚನೆಯೇ ಉಳಿಯಲಿಲ್ಲ.

ಹುಬ್ಬಳ್ಳಿಯಿಂದ ಹಳೆಯದೊಂದನ್ನು ತಂದೆ. ತಂತಿ ಒಂದೂ ಇರಲಿಲ್ಲ, ಪಿಕಪ್ ಸತ್ತಿತ್ತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ಸ್ಪೀಕರಿಗೆ ಮುಟ್ಟಿಸುವ ಸಣ್ಣ ಪೆಟ್ಟಿಗೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಗಂಗಾವತಿಯಲ್ಲಿ ಗಿಟಾರ್ ರಿಪೇರಿ ಯಾರಿಗೆ ಗೊತ್ತು? ಆದರೆ ಪಂಪ್‌ಸೆಟ್ಟಿನ ಮೋಟರಿಗೆ ತಾಮ್ರ ಸುತ್ತುವ ಅಂಗಡಿಗಳಿಗೆ ಬರವಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಅಂಥದೊಂದು ಅಂಗಡಿಗೆ ಒಯ್ದೆ. ಮೇಸ್ತ್ರಿ ಪಿಕಪ್ಪನ್ನು ತಿರುಗಿಸಿ ನೋಡಿ, "ಮೋಟರಿನ್ಯಾಗೂ ತಂತಿ ಸುತ್ತಿದ ಕಾಯಿಲ್, ಇದರಾಗೂ ಕಾಯಿಲ್. ಸಣ್ಣ ತಂತಿ ಐತಿ, ಇದು ನಮ್ಮ ಮನಿಯಾಕಿ ಕೈಗೆ ಬರತೈತ್ರಿ" ಎಂದರು. ಅವರ ಹೆಂಡತಿ ಹೊಲಿಗೆ ಯಂತ್ರದ ಗಾಲಿಗೆ ಅದನ್ನು ಕಟ್ಟಿ, ಉಸಿರು ಬಿಗಿಹಿಡಿದು ಎರಡು ದಿನ ಹೊಸ ತಾಮ್ರ ಸುತ್ತಿದರು. ಮೇಸ್ತ್ರಿ ಅಂಗಡಿಯ ರೇಡಿಯೋಕ್ಕೆ ಜೋಡಿಸಿ ಸ್ಕ್ರೂಡ್ರೈವರಿನಿಂದ ತಟ್ಟಿದಾಗ ಸ್ಪೀಕರು ಟಕ್ ಟಕ್ ಎಂದಿತು. ನಾನು ಕುಣಿಯುವುದೊಂದು ಬಾಕಿ.

ತಂತಿಯ ವಿಷಯ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಅಳವಂಡಿಯ ನಮ್ಮ ಮನೆಯಲ್ಲಿ ಅಪ್ಪ ಭಜನೆಗೆ ತಂಬೂರಿ ಹಿಡಿಯುತ್ತಿದ್ದವರು. ಕೆಳಗಿನ ದನಿಗೆ ಹಿತ್ತಾಳೆಯ ತಂತಿ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಕೊಪ್ಪಳದ ಒಬ್ಬ ಹಾರ್ಮೋನಿಯಂ ರಿಪೇರಿಯವರ ಹತ್ತಿರ ಇದ್ದುದರಲ್ಲೇ ದಪ್ಪನೆಯ ಹಿತ್ತಾಳೆ ತಂತಿ ಆರಿಸಿ ತಂದೆ. ಕೆಳಗಿನ ಎರಡು ಸ್ವರಕ್ಕೆ ಎರಡೆರಡು ಎಳೆ ಹೊಸೆದು ಒಂದು ಮಾಡಿದೆ. ಮನೆಯಲ್ಲಿ ಸ್ಪೀಕರಿಲ್ಲದೆ ಕೂತು ಮೀಟಿದರೆ, ಆಹಾ, ಕಟ್ಟಿಗೆಯೆಲ್ಲ ಗುಂಯ್ ಎನ್ನುತ್ತಿತ್ತು. ಬಂಗಾರದ ಬಣ್ಣ ಬೇರೆ. ನನ್ನಂಥ ಜಾಣ ಇಲ್ಲ ಎಂದುಕೊಂಡೆ.

ಯಲಬುರ್ಗಾದ ಮದುವೆಯಲ್ಲಿ ಮೊದಲ ಸಲ ಅದನ್ನು ಹೆಗಲಿಗೆ ಹಾಕಿಕೊಂಡು ನಿಂತೆ. ಹಾಡು ಶುರುವಾಯಿತು. ಮೀಟಿದೆ. ಸ್ಪೀಕರು ತುಟಿ ಪಿಟಕ್ಕೆನ್ನಲಿಲ್ಲ. ಇನ್ನೂ ಜೋರಾಗಿ ಮೀಟಿದೆ. ಪೂರ್ತಿ ಹಾಡು ಮೂಕನಂತೆ ಬೆರಳಾಡಿಸಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು, "ಏ ತಮ್ಮಾ, ನಿಂದು ಕರೆಂಟ್ ಹೋಗೈತೇನೋ?" ಎಂದರು. ಮಂದಿ ಹೋ ಎಂದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಮೈಕು ಹಿಡಿದು, "ಗಂಗಾವತಿ ಬಸ್ ಸ್ಟ್ಯಾಂಡ್ ಹಿಂದಿನ ಮೋಟರ್ ಅಂಗಡಿಯವ್ನು ಮಾಡಿದ ಕೆಲಸ ಇದು! ಬೋಗಸ್ ಮನುಷ್ಯಾ! ಯಾರೂ ಅವನ ಕಡಿ ಮೋಟರ್ ಕೊಡಬ್ಯಾಡ್ರಿ!" ಎಂದು ಒದರಿದೆ. ಚಪ್ಪರದ ತುಂಬ ರೈತರು.

ಪಾರ್ಟಿಯ ಮಾಲೀಕರು ವ್ಯಾನಿನಲ್ಲಿ ನನ್ನ ಕಡೆ ತಿರುಗಲೂ ಇಲ್ಲ. ಇಳಿಯುವಾಗ ಮಾತ್ರ, "ಎಂಟು ದಿವಸಕ್ಕ ಕುಷ್ಟಗಿ ಪ್ರೋಗ್ರಾಂ ಐತಿ. ಅಲ್ಲಿ ಇದು ಕೇಳಿಸ್ತು, ಛಲೋ ಆತು. ಇಲ್ಲಂದ್ರ ಗಿಟಾರ್ ಮನಿಯಾಗಿಟ್ಟು ಗಿಲಕಿ ತೊಗೊಂಡು ಬಾ. ಇನ್ನೊಮ್ಮೆ ಕೇಳಬ್ಯಾಡ" ಎಂದರು. ಆ ಮಾತು ಎದೆಗೆ ನಾಟಿತು. ಆ ಗಿಟಾರು ನನ್ನ ಆಸೆಗೆಂದು ನಾನು ಮಾಡಿಕೊಂಡ ಮೊದಲ ವಸ್ತು. ಅದನ್ನು ಬಿಟ್ಟರೆ ಜೀವನಪೂರ್ತಿ ಗಿಲಕಿ, ಚೀಲ, ಗಿಲಕಿ, ಚೀಲ.

ಮರುದಿನ ಮೇಸ್ತ್ರಿಯ ಅಂಗಡಿಗೆ ಹೋದೆ. ಕ್ಷಮೆ ಕೇಳಲಿಕ್ಕಲ್ಲ, ಜಗಳ ತೆಗೆಯಲಿಕ್ಕೆ. ಯಲಬುರ್ಗಾದ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಬಂದಿತ್ತು. ಬೆಳಿಗ್ಗೆಯೇ ಒಬ್ಬ ರೈತ ತನ್ನ ಮೋಟರನ್ನು ಬಂಡಿಗೆ ಹೇರಿಕೊಂಡು ವಾಪಸ್ ಒಯ್ದಿದ್ದನಂತೆ. ಮೇಸ್ತ್ರಿ ಮಾತ್ರ, "ಬರ್ರಿ, ಕುಂದರ್ರಿ" ಎಂದು ಗಿಟಾರನ್ನು ಕೈಗೆ ತೆಗೆದುಕೊಂಡು ರೇಡಿಯೋಕ್ಕೆ ಜೋಡಿಸಿದರು. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಟಕ್ ಟಕ್. ತಂತಿ ಮೀಟಿದರೆ ಏನೂ ಇಲ್ಲ. ಮತ್ತೆ ತಟ್ಟಿದರು, ಟಕ್ ಟಕ್.

"ಕಾಯಿಲ್ ಜೀವಂತ ಐತ್ರಿ" ಎಂದರು.

"ಜೀವಂತ ಇದ್ರ ಮಾತಾಡವಲ್ದು ಯಾಕ?" ಎಂದು ನಾನು ಏರಿ ಹೋದೆ.

ಒಳಗಿನಿಂದ ಅವರ ಹೆಂಡತಿ ಬಂದರು. ಅವರ ಹತ್ತಿರ ಒಡೆದ ಸ್ಪೀಕರಿನ ಒಂದು ಅಯಸ್ಕಾಂತವಿತ್ತು, ನೆಲಕ್ಕೆ ಬಿದ್ದ ಸೂಜಿ ಹುಡುಕಲು ಇಟ್ಟುಕೊಂಡಿದ್ದು. ಅದನ್ನು ನನ್ನ ಬಂಗಾರದ ತಂತಿಗೆ ಹಿಡಿದರು. ಹತ್ತಲಿಲ್ಲ. ಇನ್ನೊಂದಕ್ಕೆ ಹಿಡಿದರು. ಹತ್ತಲಿಲ್ಲ. "ನೋಡ್ರಿ ಇಲ್ಲಿ, ಹಿತ್ತಾಳಿ ಹಾಕ್ಯಾರ! ಅಯಸ್ಕಾಂತಕ್ಕ ಹಿತ್ತಾಳಿ ಗುರ್ತಾ ಸಿಗಂಗಿಲ್ಲ. ಆ ಸ್ಕ್ರೂಡ್ರೈವರಿನಂಗ ಉಕ್ಕಿಂದು ಇರ್ಬೇಕು. ನಾ ಎರಡ್ ದಿವಸ ಕಣ್ಣಾಗ ಕಣ್ಣಿಟ್ಟು ಸುತ್ತೀನಿ, ಇವರು ಊರಾಗ ಡಂಗುರ ಹೊಡದು ಬಂದ್ರು" ಎಂದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಮಾಲೀಕರು ಹೇಳಿದ್ದು, ಗಿಲಕಿ, ಕುಷ್ಟಗಿ ಎಲ್ಲವನ್ನೂ ಅಲ್ಲೇ ಹೇಳಿಬಿಟ್ಟೆ. ಆಕೆ ಅಯಸ್ಕಾಂತವನ್ನು ನನ್ನ ಅಂಗೈಗೆ ಹಾಕಿ, "ತೊಗೋರಿ. ಹಿಡದು ನೋಡೇ ತರ್ರಿ" ಎಂದರು.

ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ವಾದ್ಯದ ಅಂಗಡಿಯವರು ಎರಡು ಬಗೆಯ ತಂತಿ ತೋರಿಸಿದರು. ಒಂದರ ಮೇಲೆ ದುಂಡು ಎಳೆ ಸುತ್ತಿ ಬೆರಳಿಗೆ ಗರಗರ ಎನ್ನುತ್ತಿತ್ತು. ಇನ್ನೊಂದರ ಮೇಲೆ ಚಪ್ಪಟೆ ಪಟ್ಟಿ ಸುತ್ತಿ ನುಣ್ಣಗಿತ್ತು. ನಾನು ಎರಡಕ್ಕೂ ಅಯಸ್ಕಾಂತ ಹಿಡಿದೆ. ಅಂಗಡಿಯವರು, "ಏನ್ರಿ, ಕಬ್ಬಿಣದ ಮೊಳಿ ಖರೀದಿಗೆ ಬಂದೀರೇನು?" ಎಂದು ನಕ್ಕರು. ನಗಲಿ ಬಿಡಿ. ಎರಡೂ ಗಟ್ಟಿಯಾಗಿ ಹತ್ತಿದವು. ದುಂಡು ಸುತ್ತಿನದು ಚುರುಕಾಗಿ ಮಿನುಗುವ ದನಿ, ಚಪ್ಪಟೆ ಸುತ್ತಿನದು ಮೆತ್ತಗೆ, ಆಳಕ್ಕೆ ಇಳಿಯುವ ದನಿ. ನಾನು ಹೋಟೆಲಿನಲ್ಲಿ ಕೇಳುತ್ತಿದ್ದುದು ಎರಡನೆಯದೇ. ಭತ್ತದ ಚೀಲದಿಂದ ಸೀಳಿದ ನನ್ನ ಬೆರಳಿಗೂ ಅದೇ ಹಿತವಾಗಿತ್ತು. ಅದನ್ನೇ ತಂದೆ.

ಮುಂದಿನ ಎರಡು ಸಂಜೆ ಮೇಸ್ತ್ರಿ ತಮ್ಮ ಮೋಟರುಗಳನ್ನು ಬದಿಗೆ ಸರಿಸಿ ನನ್ನ ಗಿಟಾರಿನ ಮುಂದೆ ಕೂತರು. ಪಿಕಪ್ಪಿನ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳನ್ನಿಟ್ಟು ತಂತಿಯ ಸಮೀಪಕ್ಕೆ ಎತ್ತಿದರು. ಅತಿ ಸಮೀಪವಾದಾಗ ಅಯಸ್ಕಾಂತವೇ ತಂತಿಯನ್ನು ಎಳೆದು ದನಿ ನಡುಗತೊಡಗಿತು. ಒಂದು ತುಂಡು ತೆಗೆದರು, ಸರಿಹೋಯಿತು. ತಂತಿ ಎತ್ತರವಾಗಿದ್ದರೆ ಒತ್ತಲು ಕಷ್ಟ, ತಗ್ಗಾದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಗೆರೆಗಳಿಗೆ ಬಡಿದು ಕಿರಗುಡುತ್ತದೆ. ಕತ್ತಿನ ನಡುವೆ ಐವತ್ತು ಪೈಸೆಯ ನಾಣ್ಯ ನುಸುಳುವಷ್ಟು ಸಂದು ಬಿಟ್ಟು, ತಂತಿ ಕೂರುವ ಕಚ್ಚುಗಳನ್ನು ಅರದಿಂದ ತೀಡಿ ತೀಡಿ ಕೂಡಿಸಿದರು. ಸ್ಪೀಕರಿನಲ್ಲಿ ಜೇನುಹುಳದಂತೆ ಒಂದು ಗುಂಯ್ಗುಟ್ಟುವಿಕೆ ಉಳಿದಿತ್ತು. "ಮೋಟರಿಗಿ ಅರ್ಥಿಂಗ್ ಇಲ್ಲಂದ್ರ ಹಿಂಗ ಆಗತೈತ್ರಿ" ಎಂದು ತಂತಿಗಳ ಬುಡ ಕಟ್ಟುವ ಕಬ್ಬಿಣದ ತುಂಡಿನಿಂದ ಪಿಕಪ್ಪಿನ ಅರ್ಥಿಂಗಿಗೆ ಒಂದು ವೈರು ಎಳೆದು ಬೆಸುಗೆ ಹಾಕಿದರು. ಅದೂ ಅಡಗಿತು. ಗಿಟಾರನ್ನೇ ಕಾಣದ ಮನುಷ್ಯ, ನೋಡಿ!

ಆಮೇಲೆ ನಾನು ಕೆಳಗಿನ ತಂತಿ ಮೀಟಿದೆ. ಅಂಗಡಿಯ ಕಪಾಟಿನ ತಗಡು ಅದುರಿತು. ನಾನು ಹುಡುಕುತ್ತಿದ್ದುದು ಇದನ್ನೇ. "ಮೇಸ್ತ್ರಿ, ನಂದು ತಪ್ಪಾತ್ರಿ. ಭಾಳ ದೊಡ್ಡ ತಪ್ಪಾತು" ಎಂದೆ.

"ತಪ್ಪಿನ ಮಾತ್ ಬಿಡ್ರಿ. ಆ ದಪ್ಪಂದು ಇನ್ನೊಮ್ಮಿ ಬಾರಸ್ರಿ" ಎಂದರು.

ಕುಷ್ಟಗಿಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರ್ಯಕ್ರಮ ಶುರುವಾಯಿತು. ಮೊದಲ ಹಾಡಿನ ಮೊದಲ ಏಟಿಗೇ ದನಿ ಚಪ್ಪರದ ಕೊನೆಯವರೆಗೆ ಹೋಯಿತು. ಮಾಲೀಕರು ಅಕಾರ್ಡಿಯನ್ ನುಡಿಸುತ್ತಲೇ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಎರಡನೆಯ ಹಾಡು ಮುಗಿದಾಗ ಬಗ್ಗಿ, "ನಾಳಿಂದ ಗಿಲಕಿ ಬ್ಯಾರೆಯವ್ರಿಗೆ ಕೊಡ್ತೀನಿ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಮುಂದೆಯೂ ಕೇಳಲಿಲ್ಲ.

ಹಾಡುಗಾರ್ತಿ ಮಾತಾಡುತ್ತಿದ್ದಾಗ ನೀರು ಕುಡಿಯಲೆಂದು ವೇದಿಕೆಯ ಹಿಂದೆ ಇಳಿದೆ. ಜನರೇಟರಿನ ಪಕ್ಕ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಮೇಸ್ತ್ರಿ ಕೂತಿದ್ದರು. ಕಾಲ ಬಳಿ ಬೆಸುಗೆಯ ಕಬ್ಬಿಣ, ಇಕ್ಕಳ. ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ಅವರು ಬರುತ್ತೇನೆಂದು ಹೇಳಿರಲಿಲ್ಲ, ನಾನು ಕರೆದೂ ಇರಲಿಲ್ಲ.

"ಅದೇನ್ರಿ?"

"ಇನ್ನೊಂದು ಕಾಯಿಲ್. ಮನಿಯಾಕಿ ಸುತ್ತಿ ಕೊಟ್ಟಾಳ. ಅದು ಎಲ್ಲೇರ ನಡುವ ಕೈ ಕೊಟ್ರ ಹಾಕಿ ಕೊಟ್ಟು ಬಾ ಅಂದ್ಲು."

ತಮ್ಮ ಅಂಗಡಿಯ ಹೆಸರು ಉಳಿಸಿಕೊಳ್ಳಲು ಬಂದಿದ್ದಾರೆ ಎಂದುಕೊಂಡೆ. ಅದು ನ್ಯಾಯವೇ ಆಗಿತ್ತು. "ನಿಮ್ಮ ಅಂಗಡಿ ಹೆಸರಿಗೆ ಇನ್ನ ಏನೂ ಆಗಂಗಿಲ್ರಿ, ನಾ ಎಲ್ಲಾರಿಗೂ ಹೇಳ್ತೀನಿ" ಎಂದೆ.

"ಅಂಗಡಿದು ಬಿಡ್ರಿ, ಮೋಟರ್ ಸುಟ್ರ ರೈತ ನಾಳಿ ಮತ್ತ ಬರತಾನ. ನಿಮ್ಮ ಕೈಯಾಗಿನ ಗಿಟಾರ್ ಇವತ್ತ ಹೋದ್ರ ಮತ್ತ ಬರಂಗಿಲ್ಲಲ್ರಿ" ಎಂದರು.

ನಾನು ಅಲ್ಲಿಯೇ ಅತ್ತುಬಿಟ್ಟೆ. ಮೇಲಿನಿಂದ ನನ್ನನ್ನು ಕೂಗುತ್ತಿದ್ದರು. "ಹೋಗ್ರಿ, ಹೋಗ್ರಿ" ಎಂದು ಅವರೇ ಬೆನ್ನು ತಟ್ಟಿ ಕಳಿಸಿದರು. ಮುಂದಿನ ಹಾಡಿನಲ್ಲಿ ತಂತಿಗಳು ನನಗೆ ಮಂಜಾಗಿ ಕಾಣುತ್ತಿದ್ದವು, ಆದರೆ ದನಿ ಒಂದೂ ತಪ್ಪಲಿಲ್ಲ. ಕೊನೆಯ ಹಾಡಿನವರೆಗೂ ಆ ಮನುಷ್ಯ ಆ ಪೆಟ್ಟಿಗೆಯ ಮೇಲಿಂದ ಏಳಲಿಲ್ಲ. ಮದುವೆಯವರು ಎರಡು ಸಲ ಊಟಕ್ಕೆ ಕರೆದರೂ, ಪ್ರೋಗ್ರಾಂ ಮುಗಿಯಲಿ ಎಂದರಂತೆ.