ಹೊಸ ಆವೃತ್ತಿಯಲ್ಲಿ ಸರಿದ ಸಾಲುಗಳು

ಆ ಮಧ್ಯಾಹ್ನ ಕರೆಂಟು ಹೋಗಿತ್ತೋ ಇಲ್ಲವೋ ನನಗೆ ಖಚಿತವಿಲ್ಲ. ನೆನಪಿನಲ್ಲಂತೂ ಹೋಗಿದೆ. ಫ್ಯಾನು ನಿಧಾನವಾಗಿ ನಿಲ್ಲುತ್ತದೆ, ಕಿಟಕಿಯಿಂದ ಬಂದ ಧೂಳು ತುಂಬಿದ ಬೆಳಕು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬಂದು ಕೂರುತ್ತದೆ. ಆದರೆ ಕರೆಂಟು ಹೋಗಿದ್ದರೆ ನಾನು ಮಾಡಿದ ಕೆಲಸವನ್ನು ಮಾಡಲು ಆಗುತ್ತಲೇ ಇರಲಿಲ್ಲ. ಬೇರೆ ಯಾವುದೋ ಮಧ್ಯಾಹ್ನದ ಕತ್ತಲು ಇದರೊಳಗೆ ಬಂದು ಸೇರಿಕೊಂಡಿರಬೇಕು.

ಎರಡು ಸಾವಿರದ ಇಸವಿಯ ಈಚಿನ ವರ್ಷಗಳು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಶಹಾಬಾದಿಗೆ ಮರಳಿದ್ದೆ. ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ನಾವು ಕೆಲವು ಗೆಳೆಯರು ಸೇರಿ ಒಂದು ಮುಕ್ತ ತಂತ್ರಾಂಶವನ್ನು ಊರೂರಿಗೆ ಹಂಚುತ್ತಿದ್ದೆವು. ಪತ್ರ, ಪಟ್ಟಿ, ಅರ್ಜಿ ಎಲ್ಲವನ್ನೂ ಬರೆಯಬಹುದಾದ, ಯಾರು ಬೇಕಾದರೂ ಪುಕ್ಕಟೆ ಬಳಸಿ ತಿದ್ದಿ ಹಂಚಬಹುದಾದ ತಂತ್ರಾಂಶ ಅದು. ಅದರ ಹೊಸ ಆವೃತ್ತಿ ಬಂದಿತ್ತು. ಚೀಲದ ತುಂಬ ಸಿ.ಡಿ. ಹಾಕಿಕೊಂಡು ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ, ಸೇಡಂಗೆ ಹೋಗುತ್ತಿದ್ದೆ, ಚಿಂಚೋಳಿಗೆ ಬಸ್ಸಿನಲ್ಲಿ. ಪ್ಯಾಸೆಂಜರ್ ಗಾಡಿ ತೊಗರಿ ಹೊಲಗಳ ನಡುವೆ ಕಾರಣವಿಲ್ಲದೆ ನಿಂತಾಗ, ಇಡೀ ಬಯಲೇ ಏನನ್ನೋ ಕಾಯುತ್ತಿರುವಂತೆ ಅನಿಸುತ್ತಿತ್ತು. ದೇವರ ಬಗ್ಗೆ, ಚರಿತ್ರೆಯ ಬಗ್ಗೆ, ಅಪ್ಪ ಹೇಳಿದ ಕತೆಗಳ ಬಗ್ಗೆ ಅನುಮಾನ ಪಡುತ್ತಿದ್ದ ನಾನು ಆ ಹೊಸ ಆವೃತ್ತಿಯನ್ನು ಮಾತ್ರ ಪೂರ್ತಿ ನಂಬಿದ್ದೆ.

“ಹಳೇದು ಛಲೋ ನಡ್ಯಾಕತ್ತದಲ್ರಿ, ಹೊಸದ್ಯಾಕ?” ಎಂದು ಚಿತ್ತಾಪುರದ ಡಿಟಿಪಿ ಅಂಗಡಿಯವರು ಕೇಳಿದ್ದರು. ಪುಕ್ಕಟೆ ಎಂದೆ. “ಪುಕ್ಕಟೆ ಅಂದ್ರ ಇನ್ನೂ ಅಂಜಿಕಿ ಬರ್ತದ್ರಿ,” ಎಂದು ನಕ್ಕು ಚಹಾ ತರಿಸಿದರು. ಸಿ.ಡಿ. ಇಟ್ಟುಕೊಂಡರು, ಹಾಕಿಕೊಳ್ಳಲಿಲ್ಲ.

ಸೇಡಂನಲ್ಲಿ ಒಬ್ಬ ಹೆಣ್ಣುಮಗಳು ಮನೆಯ ಮುಂದಿನ ಪಡಸಾಲೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಅವರ ಯಜಮಾನರು ದೇವಸ್ಥಾನದ ಪೂಜೆ ನೋಡಿಕೊಳ್ಳುತ್ತಿದ್ದರು. ಸಾಲಾಗಿ ಟೈಪ್‌ರೈಟರುಗಳು, ಮೂಲೆಯಲ್ಲಿ ಒಂದು ಕಂಪ್ಯೂಟರು. ಆ ಕಂಪ್ಯೂಟರಿನಲ್ಲಿ, ನಮ್ಮ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ, ಅಕ್ಕಾರು ತಾವೇ ಕಟ್ಟಿದ ಪಾಠಗಳಿದ್ದವು: ಕಾಗಿಣಾ ನದಿಯ ಮೇಲೊಂದು ಗದ್ಯ, ತಹಶೀಲ್ದಾರರಿಗೆ ಅರ್ಜಿ, ಊರುಗಳ ಮಳೆಯ ಪಟ್ಟಿ. ಇವನ್ನು ಮುದ್ರಿಸಿ ಕೊಟ್ಟರೆ ವಿದ್ಯಾರ್ಥಿನಿಯರು ನೋಡಿ ಟೈಪ್ ಮಾಡಬೇಕು. ಸರಕಾರಿ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಪಾಸಾದವರಿಗೆ ಕಚೇರಿಯ ಕೆಲಸದ ದಾರಿ ತೆರೆಯುತ್ತಿತ್ತು.

ಆ ಮಧ್ಯಾಹ್ನ ಮೊದಲು ಹೊಸ ಆವೃತ್ತಿಯ ಕನ್ನಡ ಮೆನುಗಳನ್ನು ಸಿ.ಡಿ.ಯಲ್ಲಿದ್ದ ಚಿತ್ರಗಳಲ್ಲಿ ತೋರಿಸಿದೆ. ಅಕ್ಕಾರು ಕನ್ನಡಕ ಏರಿಸಿ ಓದಿದರು. “ಕಡತ ಅಂತ. ಇದ್ಯಾವ ಊರ ಕನ್ನಡಪ್ಪಾ? ನಮ್ಮಲ್ಲಿ ಕಟ್ಟಿಗಿ ಹೊರೋನೂ ಫೈಲ್ ಅಂತಾನ.”

ಹುಡುಗಿಯರು ನಕ್ಕರು. ನಾನೂ ನಕ್ಕೆ.

“ನನ್ನ ಪಾಠ ಹ್ಯಾಂಗ ಅವ ಹಾಂಗೇ ಇರ್ತಾವೇನು? ಜರಾ ಖರೇ ಹೇಳು.”

“ಒಂದಕ್ಷರ ಅಲುಗಾಡಂಗಿಲ್ರಿ ಅಕ್ಕಾರ.”

ಅವರು ಕುಂಕುಮದ ಬಟ್ಟಲು ತಂದು ಕಂಪ್ಯೂಟರಿಗೆ ಹಚ್ಚಿ, ಸಿ.ಡಿ.ಗೂ ಹಚ್ಚಲು ಬಂದರು. ನಾನು ಕೈ ಅಡ್ಡ ಹಿಡಿದೆನೋ, ಬಾಯಲ್ಲಷ್ಟೇ ಬೇಡ ಎಂದೆನೋ ತಿಳಿಯದು. ಹೊಸ ಆವೃತ್ತಿ ಹಾಕಿದೆ. ಪಾಠಗಳನ್ನೆಲ್ಲ ಹೊಸ ರೂಪದಲ್ಲಿ ಉಳಿಸಿದೆ. ಜಾಗ ಸಾಲದೆಂದು ಹಳೆಯವನ್ನು ಅಳಿಸಿಬಿಟ್ಟೆ. ಆಮೇಲೆ ಮಳೆಯ ಪಟ್ಟಿಯನ್ನು ತೆರೆದೆ.

ಟೈಪ್‌ರೈಟರಿನ ಮೇಲೆ ಬೆಳೆದ ಕೈ ಪಟ್ಟಿಯ ಗೆರೆ ಎಳೆಯುವುದಿಲ್ಲ. ಎಣಿಸಿ ಎಣಿಸಿ ಸ್ಪೇಸ್ ಬಾರ್ ಒತ್ತುತ್ತದೆ. ಇಷ್ಟು ಒತ್ತಿದರೆ ಊರಿನ ಹೆಸರು, ಇನ್ನಷ್ಟು ಒತ್ತಿದರೆ ಅಂಕಿ. ಅಕ್ಕಾರು ಎಲ್ಲವನ್ನೂ ಹಾಗೇ ಕೂರಿಸಿದ್ದರು. ಹೊಸ ಆವೃತ್ತಿಯ ಅಕ್ಷರಗಳು ತುಸು ಅಗಲ. ಕೋಡ್ಲಾದ ಮಳೆ ದಂಡೋತಿಯ ಮುಂದೆ ಹೋಗಿ ನಿಂತಿತ್ತು. ಅರ್ಜಿಯ ಸಹಿ ಮುಂದಿನ ಹಾಳೆಗೆ ಜಾರಿತ್ತು. ಒಂದೊಂದೇ ತೆರೆದೆ, ಎಲ್ಲವೂ ನೀರಿನೊಳಗಿಂದ ನೋಡಿದಂತೆ ವಾರೆವಾರೆ. ಯಾವ ಅಂಕಿ ಯಾವ ಊರಿನದು ಎಂದು ಮೂಲ ಹಾಳೆ ನೋಡದೆ ಹೇಳುವಂತಿರಲಿಲ್ಲ.

ಟೈಪ್‌ರೈಟರುಗಳ ಸದ್ದು ಒಂದೊಂದಾಗಿ ನಿಂತಿತು.

“ಇವು ನನ್ನ ಪಾಠ ಅಲ್ಲ,” ಎಂದರು ಅಕ್ಕಾರು. ಸಿಟ್ಟಿರಲಿಲ್ಲ. ಕನ್ನಡಕ ತೆಗೆದು ಕೇಳಿದರು, “ಹಿಂಗಾಗ್ತದಂತ ನಿನಗ ಗೊತ್ತಿತ್ತೇನು?”

“ಇಲ್ರಿ,” ಎಂದೆ.

ದಂಡೋತಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಹೊಲದ ಕೆಲಸ ಮುಗಿಸಿ ಬಂದು ಕಲಿಯುತ್ತಿದ್ದವಳು. “ಅಕ್ಕಾರ, ಹೋದ ವರ್ಷ ಕೊಟ್ಟ ಹಾಳಿ ನಮ್ಮನ್ಯಾಗ ಅವ್ರೀ. ಅವ್ವ ಡಬ್ಬಿ ಕೆಳಗ ಹಾಸ್ಯಾಳ.”

“ಎಣ್ಣಿ ಡಬ್ಬಿ ಕೆಳಗ ಏನು?” ಎಂದಳು ಇನ್ನೊಬ್ಬಳು.

“ಹೂಂ. ಅರ್ಜಿ ಭಾಳ ಮಿಂಚ್ತದ ಈಗ.”

ಮರುದಿನದಿಂದ ಹಾಳೆಗಳು ಬರತೊಡಗಿದವು. ಹಳೆಯ ವಿದ್ಯಾರ್ಥಿನಿಯರೂ ತಂದರು. ಪುಸ್ತಕಕ್ಕೆ ರಟ್ಟು ಹಾಕಿದ ಹಾಳೆ, ಮಗು ಸೂರ್ಯನನ್ನು ಬರೆದ ಹಾಳೆ, ಅರಿಶಿನದ ಪೊಟ್ಟಣವಾಗಿದ್ದ ಹಾಳೆ. ಅಕ್ಕಾರು ಅವನ್ನು ಪಡಸಾಲೆಯ ತಣ್ಣನೆಯ ಹಾಸುಗಲ್ಲಿನ ಮೇಲೆ ಹರವಿ, ಮೊಣಕಾಲೂರಿ ಕುಳಿತು, ಸಾಲು ಹೊಂದಿಸುತ್ತಿದ್ದ ಚಿತ್ರ ಈಗಲೂ ಕನಸಿನಂತೆ ಬರುತ್ತದೆ. ಹುಡುಗಿಯರು ಸರದಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿದರು. ಗೆರೆ ಎಳೆದು ಪಟ್ಟಿ ಮಾಡುವುದನ್ನು ನಾನು ಕಲಿಸಿದೆ. ಪರೀಕ್ಷೆಯ ಹೊತ್ತಿಗೆ ಪಾಠಗಳು ಬಹುಪಾಲು ಸಿದ್ಧವಾದವು. ಕಾಗಿಣಾ ನದಿಯ ಗದ್ಯ ಮಾತ್ರ ಯಾರ ಮನೆಯಲ್ಲೂ ಸಿಗಲಿಲ್ಲ. ಅದರ ಸಾಲುಗಳೂ ಹೊಸ ರೂಪದಲ್ಲಿ ಯಾವುದರ ಮುಂದೆ ಯಾವುದು ಎಂದು ತಿಳಿಯದಷ್ಟು ತುಂಡು ತುಂಡಾಗಿದ್ದವು. ಅಕ್ಕಾರು ಅದನ್ನು ಮತ್ತೆ ಕಟ್ಟಲಿಲ್ಲ. “ಇರ್ಲಿ ಬಿಡು, ಹೊಳಿ ಹರ್ದು ಹೋಯ್ತು,” ಎಂದರಂತೆ. ನಾನೇ ಕೇಳಿದ್ದೋ, ಯಾರಾದರೂ ಹೇಳಿದ್ದೋ ಗೊತ್ತಿಲ್ಲ.

ಆ “ಇಲ್ರಿ” ಎಂಬ ಮಾತನ್ನು ವರ್ಷಗಟ್ಟಲೆ ನಂಬಿಕೊಂಡು ಬಂದೆ. ಅದೂ ಆ ಮಧ್ಯಾಹ್ನ ಹೋದ ಕರೆಂಟಿನ ಹಾಗೆ ನೆನಪು ಕಟ್ಟಿದ್ದೇ ಇರಬಹುದು ಎಂಬ ಅನುಮಾನ ಈಚೆಗೆ ಹತ್ತಿತು. ಅಂತರ್ಜಾಲದಲ್ಲಿ ಹುಡುಕಿದೆ. ಆ ಆವೃತ್ತಿಯ ಜೊತೆಗೆ ಸಿ.ಡಿ.ಯಲ್ಲೇ ಹಾಕಿ ಕೊಡುತ್ತಿದ್ದ ಸೂಚನೆಗಳು ಈಗಲೂ ಅಲ್ಲಿವೆ. ಕೊನೆಯ ಭಾಗದಲ್ಲಿ ಹೀಗಿದೆ: ಖಾಲಿ ಜಾಗ ಒತ್ತಿ ಹೊಂದಿಸಿದ ಪಟ್ಟಿಗಳು ಈ ಆವೃತ್ತಿಯಲ್ಲಿ ಸರಿಯಬಹುದು, ಬಳಸುವವರಿಗೆ ಮೊದಲೇ ತಿಳಿಸಿ, ಹಳೆಯ ಪ್ರತಿ ಅಳಿಸಬೇಡಿ. ಕೆಳಗೆ, ಕನ್ನಡಕ್ಕೆ ಅನುವಾದಿಸಿದವರು ಎಂಬಲ್ಲಿ, ಇರುವುದು ನನ್ನ ಹೆಸರು.